ಅಪರೂಪದ ನಂಜು, ತಪ್ಪಿದ ಎಚ್ಚರ

ಬೆಳಗಾವಿಯ ದಂತವೈದ್ಯೆ ಶ್ರೀಮತಿ ಸವಿತಾ ಹಾಲಪ್ಪನವರ್ ಅವರು 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ರಕ್ತನಂಜಿನಿಂದ ನಿಧನರಾದರು. ಹದಿನೇಳು ವಾರಗಳ ಗರ್ಭವು ಉಳಿಯಲಾರದೆಂದು ತಿಳಿದಿದ್ದರೂ, ಭ್ರೂಣದ ಹೃದಯವು ಮಿಡಿಯುತ್ತಿರುವವರೆಗೆ ಅದನ್ನು ತೆಗೆಯಲಾಗದೆಂದು ಅವರ ಬೇಡಿಕೆಯನ್ನು ನಿರಾಕರಿಸಲಾಗಿತ್ತು. ಲೋಕದ ದೃಷ್ಟಿಯೆಲ್ಲ ಆ ದೇಶದ ಕಾನೂನಿನ ಮೇಲೆ ನೆಟ್ಟುದು ಸಹಜವೇ. 2018ರ ಜನಮತದಲ್ಲಿ ಆ ಸಂವಿಧಾನ ವಿಧಿಯು ರದ್ದಾಯಿತು.

ಆದರೆ 2013ರ ತನಿಖಾ ವರದಿಗಳು ಬೇರೊಂದು ಲೋಪವನ್ನೂ ಎತ್ತಿ ತೋರಿಸಿದವು. ಆಸ್ಪತ್ರೆಗೆ ಸೇರಿದ ದಿನವೇ ತೆಗೆದ ರಕ್ತದಲ್ಲಿ ಬಿಳಿಯ ಕಣಗಳು ಹೆಚ್ಚಿದ್ದವು. ಅದರ ಬೆನ್ನುಹತ್ತಿ ವಿಚಾರಿಸಿದವರಿಲ್ಲ. ಗರ್ಭಚೀಲವು ಒಡೆದ ಮೇಲೆ ನಾಡಿ, ಉಷ್ಣತೆ, ಉಸಿರಾಟಗಳನ್ನು ನಾಲ್ಕು ಗಂಟೆಗೊಮ್ಮೆ ನೋಡಬೇಕಾಗಿದ್ದಿತು; ಅದೂ ಸರಿಯಾಗಿ ನಡೆಯಲಿಲ್ಲ.

ಇದಕ್ಕೆ ಕಾರಣವೇನು? 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್ವೈಸರು ಹೆರಿಗೆಯ ಕೋಣೆಗೆ ಕೈತೊಳೆಯುವ ಕ್ರಮವನ್ನು ತಂದರು. ಮುಂದೆ ಪೆನಿಸಿಲಿನ್ ಬಂದಿತು. ಬಾಣಂತಿ ಸನ್ನಿಯೂ ಬಸಿರಿನ ನಂಜೂ ಶ್ರೀಮಂತ ದೇಶಗಳಲ್ಲಿ ಅಪರೂಪವಾದವು. ಅಪರೂಪವಾದುದನ್ನು ಕಣ್ಣು ಹುಡುಕುವುದಿಲ್ಲ. ಮೇಲಾಗಿ, ತುಸು ವೇಗದ ನಾಡಿಯೂ ಏದುಸಿರೂ ಗರ್ಭಿಣಿಗೆ ಸಹಜವೆಂದು ತೋರುವುದರಿಂದ ನಂಜಿನ ಮೊದಲ ಸೂಚನೆಗಳು ಮರೆಯಾಗುತ್ತವೆ. ತರುಣ ದೇಹವು ಬಹಳ ಹೊತ್ತು ತಡೆದುಕೊಂಡು, ಬಳಿಕ ಒಮ್ಮೆಲೇ ಕುಸಿಯುತ್ತದೆ.

ಜಗತ್ತಿನಲ್ಲಿ ಪ್ರಸೂತಿ ಮರಣದ ಮುಖ್ಯ ಕಾರಣಗಳಲ್ಲಿ ರಕ್ತಸ್ರಾವ, ರಕ್ತದೊತ್ತಡಗಳೊಡನೆ ನಂಜೂ ಇಂದಿಗೂ ಒಂದು. ಪರಸ್ಥಳಗಳಲ್ಲಿ ಹಿರಿಯರ ನೆರವಿಲ್ಲದೆ ಸಂಸಾರ ಹೂಡಿರುವ ನಮ್ಮವರು ಇದನ್ನು ಅರಿತಿರತಕ್ಕದ್ದು. ಗರ್ಭಿಣಿಯಲ್ಲಿ ನಡುಗಿಸುವ ಚಳಿಜ್ವರ, ದುರ್ಗಂಧದ ಸ್ರಾವ, ಮಂಕು ಕಂಡರೆ ಬೆಳಗಾಗಲೆಂದು ಕಾಯಕೂಡದು. ಔಷಧವುಂಟು, ಕೈತಪ್ಪುವುದು ಗಂಟೆಗಳು ಮಾತ್ರ.