ಹಳೆಯ ಕಾರೊಂದು ಪ್ರಯೋಗಶಾಲೆಯಾಗಲಿ

ಓಮನ ನಿಯಮವನ್ನು ತಪ್ಪಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ಮಂದಿ ಇರುವರು. ಆದರೆ 100 ಆಂಪೇರು ಪ್ರವಾಹ ಹರಿಯುವ ತಂತಿಯನ್ನು ಕಂಡವರು ಎಷ್ಟು ಮಂದಿ? ಪ್ರಯೋಗಶಾಲೆಯ ಮೇಜಿನ ಮೇಲಿನ ಒಂದೆರಡು ಆಂಪೇರುಗಳೊಡನೆಯೇ ಅವರ ಪರಿಚಯ ಮುಗಿದುಹೋಗುವುದು. ಹಳೆಯದೊಂದು ವಿದ್ಯುತ್ ಕಾರನ್ನು ಅವರ ಕೈಗೊಪ್ಪಿಸಿ, ಬಿಚ್ಚಿಸಿ, ಮರಳಿ ಕಟ್ಟಿಸುವುದೇ ಈ ಕೊರತೆಗೆ ತಕ್ಕ ಪರಿಹಾರವೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೊದಲ ಮಾದರಿಗಳಲ್ಲಿ 6 ವೋಲ್ಟಿನ, ಸುಮಾರು 200 ಆಂಪೇರ್-ಗಂಟೆಯ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 48 ವೋಲ್ಟು ಪಡೆಯುತ್ತಿದ್ದರು. ಗುಣಿಸಿ ನೋಡಿರಿ: 9,600 ವಾಟ್-ಗಂಟೆ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ! ಸೀಸದ ಬ್ಯಾಟರಿಯ ಒಂದು ಕಿಲೋಗ್ರಾಂ ತೂಕವು ಹಿಡಿದಿಡುವುದು 30ರಿಂದ 40 ವಾಟ್-ಗಂಟೆ ಮಾತ್ರ. ಆದುದರಿಂದ ಈ ಒಂದು ಲೀಟರಿನ ಶಕ್ತಿಗಾಗಿ ಕಾರು ಕನಿಷ್ಠ 240 ಕಿಲೋಗ್ರಾಂ ಭಾರವನ್ನು ಹೊರಬೇಕು. ಹಾಗಿದ್ದರೂ ಒಮ್ಮೆ ಚಾರ್ಜು ಮಾಡಿದರೆ 80 ಕಿಲೋಮೀಟರು ಓಡುವುದೆಂದು ತಯಾರಕರು ಹೇಳುತ್ತಿದ್ದರು. ಇದು ಹೇಗೆ ಸಾಧ್ಯ? ಪೆಟ್ರೋಲು ಎಂಜಿನಿನಲ್ಲಿ ಶಕ್ತಿಯ ಬಹುಭಾಗ ಶಾಖವಾಗಿ ಪೋಲಾಗುವುದು. ವಿದ್ಯುತ್ ಮೋಟಾರಿನಲ್ಲಿ ಪೋಲಾಗುವುದು ಅಲ್ಪಾಂಶ. ದಕ್ಷತೆಯೆಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೆ?

ಇನ್ನು ಮರುಕಟ್ಟುವ ಕೆಲಸ. ಸತ್ತ ಬ್ಯಾಟರಿಗಳ ಜಾಗದಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳನ್ನು ಕೂರಿಸುವುದಾದರೆ, 3.2 ವೋಲ್ಟಿನ 15 ಕೋಶಗಳ ಸರಣಿ ಸಾಕು. ಬ್ಯಾಟರಿಯ ಭಾರ ಅರ್ಧಕ್ಕಿಂತಲೂ ಇಳಿಯುವುದು. ಆದರೆ ಹಳೆಯ ಚಾರ್ಜರು ಇವಕ್ಕೆ ಒಗ್ಗದು. ಒಂದೊಂದು ಕೋಶದ ವೋಲ್ಟೇಜನ್ನೂ ಕಾಯುವ ಮಂಡಲ ಬೇಕು. ಪ್ರಯಾಣಿಕರೂ ಸೇರಿ 800 ಕಿಲೋಗ್ರಾಂ ತೂಗುವ ಕಾರು ಹತ್ತಕ್ಕೆ ಒಂದರ ಏರನ್ನು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹತ್ತಲು, ಗುರುತ್ವವನ್ನು ಗೆಲ್ಲುವುದಕ್ಕೇ ಸುಮಾರು 4,400 ವಾಟ್ ಬೇಕು. ಮೋಟಾರಿನ ನಷ್ಟವೂ ಸೇರಿದರೆ ಪ್ರವಾಹ 100 ಆಂಪೇರನ್ನು ಮೀರುವುದು. ಎಲ್ಲಿಯಾದರೂ ಒಂದು ನಟ್ಟು ಸಡಿಲವಾಗಿ 0.01 ಓಮು ರೋಧ ಉಂಟಾಯಿತೆನ್ನಿ. ಆ ಒಂದೇ ಬಿಂದುವಿನಲ್ಲಿ 100 ವಾಟ್ ಶಾಖ! ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸುವ ಸೂತ್ರವನ್ನು ಆ ವಿದ್ಯಾರ್ಥಿ ಮುಂದೆಂದೂ ಮರೆಯಲಾರ.

ಇದು ಅಪಾಯಕರವೆಂದು ಕೆಲವರು ಆಕ್ಷೇಪಿಸಬಹುದು. ನಿಜ, ಬ್ಯಾಟರಿಯ ಎರಡು ಧ್ರುವಗಳಿಗೆ ಅಡ್ಡಬಿದ್ದ ಸ್ಪ್ಯಾನರು ಕೆಂಪಗೆ ಕಾಯಬಲ್ಲುದು. ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು, ಹಿಡಿಗೆ ಅವಾಹಕ ಹೊದಿಸಿದ ಸಲಕರಣೆಗಳಿಂದ, ಅನುಭವಿಗಳ ಕಣ್ಣೆದುರಿನಲ್ಲಿಯೇ ಈ ಕೆಲಸ ನಡೆಯತಕ್ಕದ್ದು. ಕಾನೂನಿನ ಅನುಮೋದನೆ ಇಲ್ಲದೆ ಇಂತಹ ಕಾರನ್ನು ರಸ್ತೆಗೆ ತರಕೂಡದು. ಕಾಲೇಜಿನ ಆವರಣವೇ ಸಾಕು. ಖರ್ಚು ಹೆಚ್ಚೆನಿಸಿದರೆ ಮೂರು ನಾಲ್ಕು ಕಾಲೇಜುಗಳು ಸೇರಿ ಒಂದು ಕಾರನ್ನು ಹಂಚಿಕೊಳ್ಳಲಿ.

ರೇವಾದ ನಿರ್ಮಾತೃ ಚೇತನ್ ಮೈನಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ ಸೌರಶಕ್ತಿಯ ಕಾರನ್ನು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದರೆಂಬುದು ಗಮನಾರ್ಹ. ಅಂತಹ ಅವಕಾಶ ನಮ್ಮ ವಿದ್ಯಾರ್ಥಿಗಳಿಗೂ ದೊರೆಯಬೇಡವೆ? ಕೊಟ್ಟ ಶಕ್ತಿಯೆಷ್ಟು, ಕ್ರಮಿಸಿದ ದೂರವೆಷ್ಟು, ನಷ್ಟವೆಲ್ಲಿ ಎಂಬ ಲೆಕ್ಕದ ಪುಸ್ತಕಕ್ಕೆ ಅಧ್ಯಾಪಕರು ಅಂಕ ಕೊಡಲಿ. ಕಾರು ಮೊದಲ ದಿನ ಓಡದಿದ್ದರೂ, ಏಕೆ ಓಡಲಿಲ್ಲವೆಂಬುದನ್ನು ಅಳೆದು ತೋರಿಸಿದವನಿಗೆ ಪೂರ್ಣಾಂಕ ಸಲ್ಲಬೇಕು.