ಸುಡುಬಿಸಿಲು, ಮೋಟಾರುಬೈಕು ಮತ್ತು ನಮ್ಮ ಮದುವೆಯ ಕಾಲ

ಪಾಸ್ಖ ಹಬ್ಬ ಮುಗಿದ ಮರುವಾರದಿಂದಲೇ ಕರಾವಳಿಯ ಕಥೋಲಿಕ ಮನೆಗಳಿಗೆ ವಿವಾಹದ ಆಮಂತ್ರಣ ಪತ್ರಿಕೆಗಳು ಸಾಲಾಗಿ ಬರತೊಡಗುತ್ತವೆ. ತಪಸ್ಸುಕಾಲದಲ್ಲಿ ಮದುವೆ ಇಟ್ಟುಕೊಳ್ಳದಿರುವುದು ಹಿರಿಯರಿಂದ ಬಂದ ಪದ್ಧತಿ. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಚಪ್ಪರ ನಿಲ್ಲುವುದಿಲ್ಲ. ಈ ಎರಡರ ನಡುವೆ ಉಳಿಯುವ ವಾರಗಳು ಬಹಳ ಕಡಿಮೆ. 2025ರಲ್ಲಿ ಪಾಸ್ಖ ಹಬ್ಬ ಏಪ್ರಿಲ್ 20ಕ್ಕೆ ಬಂತು. ಮಳೆಗಾಲವೋ ಮೇ ಕೊನೆಯ ವಾರದಲ್ಲೇ ಕಾಲಿಟ್ಟಿತು. ಕೊಲ್ಲಿ ರಾಷ್ಟ್ರಗಳಿಂದ ರಜೆಯ ಮೇಲೆ ಬರುವವರು, ಮಕ್ಕಳ ಶಾಲಾ ರಜೆ, ಪ್ರಥಮ ಪರಮಪ್ರಸಾದದ ಸಮಾರಂಭಗಳು, ಎಲ್ಲವೂ ಇದೇ ಕಿರಿದಾದ ಅವಧಿಯೊಳಗೆ ಸೇರಿಕೊಳ್ಳುತ್ತವೆ. ವರ್ಷದ ಅತ್ಯಂತ ಸುಡುವ ದಿನಗಳೇ ನಮ್ಮ ಅತ್ಯಧಿಕ ಓಡಾಟದ ದಿನಗಳಾಗಿರುವುದು ಹೀಗೆ. ಈ ಓಡಾಟದಲ್ಲಿ ಮಧ್ಯಮ ಹಾಗೂ ಬಡ ಕುಟುಂಬಗಳ ಪಾಲು ನಡೆಯುವುದು ಬಹುತೇಕ ಬೈಕು ಮತ್ತು ಸ್ಕೂಟರುಗಳ ಮೇಲೆ. ಕಾರಿನಲ್ಲಿ ತಂಪುಗಾಳಿ ಹಾಕಿಕೊಂಡು ಬರುವವರು ಸಮಯವನ್ನು ನಿಗದಿ ಮಾಡುತ್ತಾರೆ, ಬೈಕಿನಲ್ಲಿ ಬರುವವರು ಅದಕ್ಕೆ ಹೊಂದಿಕೊಳ್ಳುತ್ತಾರೆ ಎಂದರೆ ಕಟುವಾಗಿ ಕೇಳಿಸಬಹುದು. ಆದರೂ ಅದು ಸತ್ಯಕ್ಕೆ ದೂರವಾದ ಮಾತಲ್ಲ.

ನಮ್ಮ ಬಿಸಿಲಿನ ಸ್ವಭಾವವನ್ನು ನಾವು ಸರಿಯಾಗಿ ಅರಿತುಕೊಂಡಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುತ್ತದೆ, ನಮ್ಮಲ್ಲಿ 34 ಅಥವಾ 35 ಮಾತ್ರವಲ್ಲವೇ ಎಂದು ಸಮಾಧಾನ ಪಡುವವರಿದ್ದಾರೆ. ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಪರಿಗಣಿಸಲು ಬಯಲು ಪ್ರದೇಶಕ್ಕೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಆರಂಭದ ಮಿತಿಯಾಗಿ ಇಟ್ಟುಕೊಂಡಿದೆ. ಈ ವ್ಯತ್ಯಾಸಕ್ಕೆ ಕಾರಣವಿಲ್ಲದಿಲ್ಲ. ದೇಹ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಆ ಬೆವರು ಆರುವುದರಿಂದ. ಸಮುದ್ರದ ತೇವ ತುಂಬಿದ ನಮ್ಮ ಗಾಳಿಯಲ್ಲಿ ಬೆವರು ಬೇಗನೆ ಆರುವುದಿಲ್ಲ. ನೀರು ಮಾತ್ರ ದೇಹದಿಂದ ಹೋಗುತ್ತಲೇ ಇರುತ್ತದೆ.

ಬೈಕು ಓಡುತ್ತಿರುವಾಗ ಎದುರುಗಾಳಿ ಬಡಿಯುವುದರಿಂದ ಹಿತವೆನಿಸುತ್ತದೆ. ಆ ಗಾಳಿ ಮೈಮೇಲಿನ ಬೆವರನ್ನು ಒರೆಸಿಹಾಕುವುದರಿಂದ ತನ್ನ ದೇಹದಿಂದ ಎಷ್ಟು ನೀರು ಹೋಯಿತೆಂಬುದು ಸವಾರನಿಗೆ ತಿಳಿಯುವುದೇ ಇಲ್ಲ. ಗಾಳಿಯ ಬಿಸಿ ಚರ್ಮದ ಬಿಸಿಗಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಹೆಚ್ಚಾದರಂತೂ ಅದೇ ಎದುರುಗಾಳಿ ಮೈಗೆ ಶಾಖವನ್ನು ತುಂಬತೊಡಗುತ್ತದೆ. ಉತ್ತರ ಕರ್ನಾಟಕದ ಜನ ಬಿಸಿಲಿಗೆ ಹೊರಡುವಾಗ ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿ ನಗುವವರು, ಅರ್ಧ ತೋಳಿನ ಬನಿಯನು ತೊಟ್ಟು ಬೈಕು ಹತ್ತುವ ನಮ್ಮ ಹುಡುಗರನ್ನು ನೋಡಿ ಸುಮ್ಮನಿರುವುದು ವಿಚಿತ್ರ. ತಿಳಿಬಣ್ಣದ, ಪೂರ್ಣ ತೋಳಿನ ಹತ್ತಿಯ ಅಂಗಿಯೇ ಬಿಸಿಲಿನ ಸವಾರನಿಗೆ ಯೋಗ್ಯವಾದ ಉಡುಪು.

ಆದರೆ ಮದುವೆಗೆ ಹೊರಟವನು ಹತ್ತಿಯ ಅಂಗಿ ತೊಡುವನೇ? ಮೇ ತಿಂಗಳ ಹನ್ನೊಂದು ಗಂಟೆಯ ಬಲಿಪೂಜೆಗೆ ಕಪ್ಪು ಕೋಟು, ಕೊರಳಿಗೆ ಟೈ, ಕಾಲಿಗೆ ಬೂಟು! ಹಿಂದಿನ ಆಸನದಲ್ಲಿ ಜರಿಸೀರೆಯುಟ್ಟ ಹೆಂಡತಿ, ಅವಳ ತೊಡೆಯ ಮೇಲೆ ಮಗು, ಮುಂದೆ ಪೆಟ್ರೋಲು ಟ್ಯಾಂಕಿನ ಮೇಲೆ ಇನ್ನೊಂದು ಮಗು. ಯುರೋಪಿನ ಚಳಿಗೆಂದು ಹೊಲಿದ ಉಡುಪು ನಮ್ಮ ಮರ್ಯಾದೆಯ ಗುರುತಾಗಿ ಉಳಿದದ್ದು ಯಾಕೆಂದು ಕೇಳಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ. ವರನು ಕೋಟು ಧರಿಸಲಿ, ಆಕ್ಷೇಪವಿಲ್ಲ. ಆಮಂತ್ರಿತರೆಲ್ಲ ಧರಿಸಬೇಕೆಂದು ಯಾವ ಧರ್ಮಸಭೆಯೂ ಆಜ್ಞಾಪಿಸಿಲ್ಲ.

ಈ ಕಾಲದಲ್ಲಿ ಮೊದಲು ತಲೆಯಿಂದ ಇಳಿಯುವುದು ಹೆಲ್ಮೆಟ್. ಸೆಕೆ ಎಂಬುದು ಒಂದು ನೆಪ, ಮದುವೆಗೆಂದು ಬಾಚಿದ ಕೂದಲು ಹಾಳಾಗುತ್ತದೆ ಎಂಬುದು ಇನ್ನೊಂದು. ಹೆಲ್ಮೆಟ್ಟಿನೊಳಗೆ ಸೆಕೆಯಾಗುವುದು ನಿಜ. ತೆಳುವಾದ ಹತ್ತಿಯ ವಸ್ತ್ರವೊಂದನ್ನು ಒದ್ದೆಮಾಡಿ ಹಿಂಡಿ ತಲೆಗೆ ಕಟ್ಟಿಕೊಂಡು ಅದರ ಮೇಲೆ ಹೆಲ್ಮೆಟ್ ಧರಿಸಿದರೆ ಅರ್ಧ ಗಂಟೆಯ ದಾರಿ ಸುಲಭವಾಗಿ ಸಾಗುತ್ತದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು ಎಂಬ ಕೇಂದ್ರದ ನಿಯಮ 2022ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಸವಾರನ ಹೊರತಾಗಿ ಒಬ್ಬರೇ ಕುಳಿತುಕೊಳ್ಳಬೇಕೆಂಬ ವಿಧಿಯಂತೂ 1988ರ ಮೂಲ ಕಾಯಿದೆಯಲ್ಲಿಯೇ ಇದೆ. ನಮ್ಮ ಇಗರ್ಜಿಯ ಅಂಗಳಕ್ಕೆ ಬಂದು ನಿಲ್ಲುವ ದ್ವಿಚಕ್ರ ವಾಹನಗಳನ್ನು ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ನೋಡಿದರೆ ಈ ನಿಯಮಗಳ ಗತಿಯೇನಾಗಿದೆ ಎಂಬುದು ತಿಳಿಯುತ್ತದೆ. ಪೊಲೀಸರು ಭಾನುವಾರ ಇಗರ್ಜಿಗೆ ಹೋಗುವವರನ್ನು ತಡೆಯುವುದಿಲ್ಲವೆಂಬ ಧೈರ್ಯ ನಮ್ಮದು. ಡಾಂಬರಿಗೆ ಅಂಥ ದಾಕ್ಷಿಣ್ಯವಿಲ್ಲ.

ಮದುವೆಯ ಸತ್ಕಾರಕೂಟದ ವಿಷಯವನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. ಟೋಸ್ಟ್ ಎತ್ತುವುದು ನಮ್ಮಲ್ಲಿ ಪದ್ಧತಿ. ಸೆಕೆಗೆ ತಂಪೆಂದು ಬಿಯರ್ ಕುಡಿಯುವವರು ತಿಳಿಯಬೇಕಾದ ಒಂದು ಸಂಗತಿಯಿದೆ: ಮದ್ಯವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತದೆ. ಬಿಸಿಲಿನಲ್ಲಿ ಬಂದು, ಬಾಯಾರಿ, ನೀರಿಗೆ ಬದಲು ಬಿಯರ್ ಕುಡಿದು, ಊಟ ಮಾಡಿ, ಮೂರು ಗಂಟೆಯ ಬಿಸಿಲಿಗೆ ಮತ್ತೆ ಬೈಕು ಹತ್ತುವವನ ದೇಹಕ್ಕೂ ಮನಸ್ಸಿಗೂ ಎಚ್ಚರವೆಂಬುದು ಉಳಿದಿರುವುದಿಲ್ಲ. ಆತಿಥೇಯರು ಮದ್ಯದ ಬಾಟಲಿಗಳ ಲೆಕ್ಕ ಹಾಕುವಷ್ಟೇ ಶ್ರದ್ಧೆಯಿಂದ ಮಜ್ಜಿಗೆಯ ಮತ್ತು ಪುನರ್ಪುಳಿ ಶರಬತ್ತಿನ ಲೆಕ್ಕವನ್ನೂ ಹಾಕಬಾರದೇಕೆ? ಸಭಾಂಗಣದ ಒಳಗಲ್ಲ, ವಾಹನಗಳು ಬಂದು ನಿಲ್ಲುವ ಜಾಗದಲ್ಲಿಯೇ ಅದನ್ನು ಕೊಡಬೇಕು. ಬೇಕಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೂ ಸಾಕು, ಖರ್ಚೆಂಬುದೇ ಇಲ್ಲ.

ತಲೆ ಸಿಡಿಯುವುದು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಕಣ್ಣು ಕತ್ತಲಿಡುವುದು ಇವೆಲ್ಲ ಬೈಕು ನಿಲ್ಲಿಸಿ ನೆರಳಿಗೆ ಹೋಗಬೇಕೆಂಬ ಸೂಚನೆಗಳು. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಡತೊಡಗಿದರೆ ಅದು ಬಿಸಿಲಾಘಾತ; ಕೂಡಲೇ ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ವಾಹನದ ಬಗ್ಗೆಯೂ ಒಂದು ಮಾತು: ಬೇಸಿಗೆಯೆಂದು ಟಯರಿನ ಗಾಳಿ ಇಳಿಸುವವರಿದ್ದಾರೆ. ಗಾಳಿ ಕಡಿಮೆಯಾದ ಟಯರೇ ಹೆಚ್ಚು ಬಾಗಿ, ಹೆಚ್ಚು ಕಾದು ಒಡೆಯುವುದು. ಬೆಳಿಗ್ಗೆ ಟಯರು ತಣ್ಣಗಿರುವಾಗ ಕಂಪೆನಿ ಸೂಚಿಸಿದಷ್ಟು ಗಾಳಿ ಇದೆಯೇ ಎಂದು ನೋಡಿಕೊಂಡರಾಯಿತು.

ಈಗ ನಮ್ಮ ಧಾರ್ಮಿಕ ಆಚರಣೆಗೆ ಸಂಬಂಧಿಸಿದ ಒಂದು ತಪ್ಪು ತಿಳುವಳಿಕೆಯ ವಿಚಾರ. ಪರಮಪ್ರಸಾದ ಸ್ವೀಕರಿಸುವ ಮೊದಲು ನೀರನ್ನೂ ಕುಡಿಯಬಾರದೆಂದು ನಂಬಿ ಬಾಯಾರಿಕೊಂಡೇ ಬರುವ ಹಿರಿಯರು ಇಂದಿಗೂ ನಮ್ಮಲ್ಲಿದ್ದಾರೆ. ಮೊಮ್ಮಕ್ಕಳಿಗೂ ಅದನ್ನೇ ಕಲಿಸುತ್ತಾರೆ. ಮಧ್ಯರಾತ್ರಿಯಿಂದ ನೀರೂ ಇಲ್ಲದೆ ಇರಬೇಕೆಂಬ ನಿಯಮ ಒಂದು ಕಾಲಕ್ಕೆ ಇದ್ದದ್ದು ನಿಜ. 1953ರಲ್ಲಿಯೇ ಜಗದ್ಗುರು ಹನ್ನೆರಡನೇ ಪಿಯೂಸರು ನೀರಿನ ನಿರ್ಬಂಧವನ್ನು ತೆಗೆದುಹಾಕಿದರು. 1964ರಲ್ಲಿ ಆರನೇ ಪೌಲರು ಉಪವಾಸದ ಅವಧಿಯನ್ನು ಒಂದು ಗಂಟೆಗೆ ಇಳಿಸಿದರು. ಇಂದಿನ ಧರ್ಮಸಭೆಯ ಕಾನೂನಿನಲ್ಲಿಯೂ ನೀರು ಮತ್ತು ಔಷಧಿಗೆ ತಡೆಯಿಲ್ಲ. ಶುಭ ಶುಕ್ರವಾರದ ಉಪವಾಸವೂ ನೀರನ್ನು ನಿಷೇಧಿಸುವುದಿಲ್ಲ. ಅದು ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬಿದವರ ತನಕ ಮಾತ್ರ ಅನ್ವಯಿಸುತ್ತದೆ. ಅರವತ್ತೈದರ ಅಜ್ಜ ನಿರ್ಜಲ ಉಪವಾಸವಿದ್ದು ಮಧ್ಯಾಹ್ನ ಎರಡೂವರೆಗೆ ಮಗನ ಬೈಕಿನ ಹಿಂದೆ ಕುಳಿತು ಇಗರ್ಜಿಗೆ ಬರುವುದು ಭಕ್ತಿಯೆಂದು ನಮಗೆ ತೋರುತ್ತದೆ. ಧರ್ಮಸಭೆ ಅವರಿಂದ ಅದನ್ನು ಕೇಳಿಲ್ಲವೆಂದು ಮನೆಯವರಾದರೂ ಹೇಳಬೇಕು.

ಶುಭ ಶುಕ್ರವಾರದ ಆರಾಧನೆಯ ಹೊತ್ತಿನ ಬಗ್ಗೆಯೂ ಯೋಚಿಸಬಹುದು. ಪ್ರಭುವು ಪ್ರಾಣಬಿಟ್ಟ ಮೂರು ಗಂಟೆಗೆ ಆರಾಧನೆ ನಡೆಯಬೇಕೆಂಬುದು ನಮ್ಮ ಜನರ ಗಾಢವಾದ ಭಾವನೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಪೂಜಾವಿಧಿಯ ನಿಯಮವೇ ಪಾಲನಾ ಕಾರಣಗಳಿಗಾಗಿ ತಡವಾದ ಹೊತ್ತನ್ನು ಆರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಐದು ಗಂಟೆಗೆ ಇಟ್ಟುಕೊಂಡ ಧರ್ಮಕೇಂದ್ರಗಳಲ್ಲಿ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಮದುವೆಗಳಿಗೂ ಇದೇ ಮಾತು ಸಲ್ಲುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಥವಾ ಸಂಜೆ ನಾಲ್ಕೂವರೆಗೆ ಬಲಿಪೂಜೆ ಇರಿಸಿದರೆ ನೂರಾರು ಜನರ ನಡುಹಗಲಿನ ಪ್ರಯಾಣ ತಪ್ಪುತ್ತದೆ. ಛಾಯಾಚಿತ್ರದವರ ಅನುಕೂಲಕ್ಕೆ ಸಮಯ ಬದಲಿಸುವ ನಾವು ಅತಿಥಿಗಳ ಅನುಕೂಲಕ್ಕೂ ಬದಲಿಸಬಹುದು.

ಇನ್ನು ನೆರಳಿನ ಪ್ರಶ್ನೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ಕರಾವಳಿಯುದ್ದಕ್ಕೂ ದಾರಿಬದಿಯ ಮರಗಳು ಉರುಳಿದವು. ಸವಾರನು ಎರಡು ನಿಮಿಷ ನಿಲ್ಲಲು ಮೇಲುಸೇತುವೆಯ ಅಡಿಯನ್ನೇ ಹುಡುಕಬೇಕಾದ ಸ್ಥಿತಿ ಹಲವೆಡೆ ಇದೆ. ಅದು ಸರಕಾರದ ಕೆಲಸ, ನಮ್ಮ ಕೈಮೀರಿದ್ದು ಎನ್ನಬಹುದು. ನಮ್ಮ ಇಗರ್ಜಿಗಳ ಅಂಗಳಗಳು ಯಾರ ಕೈಯಲ್ಲಿದ್ದವು? ಮಾವು, ಹಲಸು, ದೇವದಾರುಗಳಿದ್ದ ಅಂಗಳಗಳಿಗೆ ಇಂಟರ್‌ಲಾಕ್ ಹಾಸಿದವರು ನಾವೇ. ಎಲೆ ಬಿದ್ದು ಕಸವಾಗುತ್ತದೆ ಎಂಬುದು ಮರ ಕಡಿಯಲು ಕಾರಣವಾದದ್ದೂ ಉಂಟು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಭೂಮಿಯ ಪಾಲನೆಯ ಕುರಿತು ವಿಶ್ವಪತ್ರ ಬರೆದಾಗ ನಮ್ಮ ಪೀಠಗಳಿಂದ ಪ್ರವಚನಗಳಾದವು. ಆ ಪ್ರವಚನ ಕೇಳಿ ಹೊರಬಂದವರು ಬಿಸಿಲಿಗೆ ಕಾದ ಆಸನದ ಮೇಲೆ ಕರವಸ್ತ್ರ ಹಾಸಿ ಕುಳಿತು ಮನೆಗೆ ಹೋದರು. ಬೈಕು ನಿಲ್ಲಿಸುವ ಬದಿಗೆ ಹತ್ತು ಹೊಂಗೆಯ ಸಸಿಗಳನ್ನು ನೆಡಲು ಪಾಲನಾ ಮಂಡಳಿಯ ಒಂದು ಸಭೆ ಸಾಕು. ಅವು ಬೆಳೆಯುವ ತನಕ ತೆಂಗಿನ ಗರಿಯ ಚಪ್ಪರವಾದರೂ ಆಗಲಿ.

ರಸ್ತೆಯ ವಿಚಾರ ಧರ್ಮಸಭೆಗೆ ಸಂಬಂಧಿಸಿದ್ದಲ್ಲವೆಂದು ತಿಳಿದವರಿಗಾಗಿ ಎರಡು ಸಂಗತಿಗಳು. ಇಟಲಿಯ ಕಾಸ್ತೆಲ್ಲಾತ್ಸೊ ಬೋರ್ಮಿದಾ ಎಂಬ ಊರಿನ ಮಾತೆ ಮರಿಯಳನ್ನು 1947ರಲ್ಲಿ ಹನ್ನೆರಡನೇ ಪಿಯೂಸರು ಮೋಟಾರುಬೈಕು ಸವಾರರ ಪಾಲಕಿಯೆಂದು ಮಾನ್ಯ ಮಾಡಿದರು. ಪ್ರತಿವರ್ಷ ಜುಲೈ ತಿಂಗಳಲ್ಲಿ ಸವಾರರು ಅಲ್ಲಿಗೆ ಯಾತ್ರೆ ಬರುತ್ತಾರೆ. 2007ರ ಜೂನ್ ತಿಂಗಳಲ್ಲಿ ವ್ಯಾಟಿಕನ್ನಿನ ವಲಸಿಗರ ಪಾಲನಾ ಪರಿಷತ್ತು ರಸ್ತೆಯ ಪಾಲನೆಯ ಕುರಿತು ಮಾರ್ಗಸೂಚಿಯೊಂದನ್ನು ಹೊರಡಿಸಿ, ಚಾಲಕರಿಗೆ ಹತ್ತು ಆಜ್ಞೆಗಳನ್ನು ಅದರಲ್ಲಿ ಸೇರಿಸಿತು. ಮೊದಲನೆಯದು ಕೊಲ್ಲಬಾರದೆಂಬುದೇ. ಆರನೆಯದು ನಮ್ಮ ಸಂದರ್ಭಕ್ಕೆ ನೇರವಾಗಿ ಹೊಂದುತ್ತದೆ: ಓಡಿಸುವ ಸ್ಥಿತಿಯಲ್ಲಿ ಇಲ್ಲದವರನ್ನು, ಅವರು ಯುವಕರಿರಲಿ ಹಿರಿಯರಿರಲಿ, ಪ್ರೀತಿಯಿಂದ ಒಪ್ಪಿಸಿ ತಡೆಯಬೇಕು. ನಾವು ಹೊಸ ವಾಹನವನ್ನು ಧರ್ಮಗುರುಗಳಿಂದ ಆಶೀರ್ವದಿಸಿಕೊಂಡು ಹಿಡಿಗೆ ಜಪಸರ ಸುತ್ತುತ್ತೇವೆ. ಆ ಆಶೀರ್ವಾದದ ಹೊತ್ತಿಗೆ ಹೆಲ್ಮೆಟ್ ಎಲ್ಲಿ ಎಂದು ಗುರುಗಳು ಕೇಳಿದರೆ ಯಾರಿಗೂ ಅವಮಾನವಾಗದು.

ರಜೆಯ ದಿನಗಳಲ್ಲಿ ಅಪ್ರಾಪ್ತ ಬಾಲಕರ ಕೈಗೆ ಬೈಕು ಕೊಡುವ ತಂದೆತಾಯಿಗಳೂ ನೆನಪಿಡಲಿ: 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಸೆರೆವಾಸ ವಿಧಿಸಬಹುದು. ದಂಡದ ಮೊತ್ತವನ್ನು ಕೊಲ್ಲಿಯಲ್ಲಿರುವ ತಂದೆ ಕಟ್ಟಿಯಾನು. ಹದಿನೈದರ ಮಗನಿಗೆ ಆಗುವ ಗಾಯದ ಭಾರವನ್ನು ಮನೆಯಲ್ಲಿ ಒಬ್ಬಳೇ ಇರುವ ತಾಯಿ ಹೊರಬೇಕಾಗುತ್ತದೆ.

ನಮ್ಮ ಹಬ್ಬ ಮದುವೆಗಳ ಓಡಾಟ ಮಳೆಯೊಂದಿಗೆ ಮುಗಿಯುತ್ತದೆ. ಬೈಕನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ ಯುವಕರಿಗೆ ಈ ಬಿಡುವಿಲ್ಲ. ಊಟದ ಪೊಟ್ಟಣ, ಔಷಧಿ, ಅಂಗಡಿಯ ಸಾಮಾನು ಹೊತ್ತು ಒಂದು ಗಂಟೆಯ ಬಿಸಿಲಿಗೆ ನಮ್ಮ ಬಾಗಿಲಿಗೆ ಬರುವವರಲ್ಲಿ ನಮ್ಮದೇ ವಾರ್ಡಿನ ಹುಡುಗರೂ ಇದ್ದಾರೆ. ತಡವಾಯಿತೆಂದು ಗದರಿಸಿ, ಪೊಟ್ಟಣ ಕಸಿದುಕೊಂಡು ಬಾಗಿಲು ಹಾಕುವ ಮನೆಗಳು ಹೆಚ್ಚುತ್ತಿವೆ. ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಟ್ಟು, ಆಮೇಲೆ ಬಂದ ಕಾರಣ ಕೇಳುವುದು ಈ ಜಿಲ್ಲೆಯಲ್ಲಿ ಜಾತಿಮತವಿಲ್ಲದೆ ನಡೆದುಬಂದ ಕ್ರಮ. ಐ.ಸಿ.ವೈ.ಎಂ.ನ ಯುವಜನರು ಈ ಮೇ ತಿಂಗಳು ಮುಗಿಯುವ ತನಕ ಇಗರ್ಜಿಯ ಗೇಟಿನ ಬಳಿ, ರಸ್ತೆಗೆ ಮುಖ ಮಾಡಿ, ಎರಡು ಮಣ್ಣಿನ ಹಂಡೆಗಳಲ್ಲಿ ನೀರನ್ನೂ ಒಂದು ಡಬ್ಬದಲ್ಲಿ ಬೆಲ್ಲವನ್ನೂ ಇಡಲಿ. ದಿನಕ್ಕೊಂದು ವಾರ್ಡಿನಂತೆ ಗುರ್ಕಾರರು ಸರದಿ ಹಾಕಿಕೊಟ್ಟರೆ ನೀರು ತುಂಬುವುದು ಯಾರಿಗೂ ಭಾರವಾಗದು. ಹಂಡೆಗೆ ಮುಚ್ಚಳ, ಲೋಟಕ್ಕೆ ಉದ್ದ ಹಿಡಿ ಇರಲಿ.