ಮಹಾಗನಿ ಎಂದರೆ ಯಾವ ಮಹಾಗನಿ?

ಹೋಟೆಲಿಗೆ ಬಂದ ಗಿರಾಕಿ ಕಾಫಿ ಕೇಳುತ್ತಾನೆ. ಅದರಲ್ಲಿ ಚಿಕೋರಿ ಎಷ್ಟೆಂಬುದು ಒಳಗೆ ಒಲೆಯ ಮುಂದೆ ನಿಂತವನಿಗೇ ಗೊತ್ತು. ಮರದ ವಖಾರಿಗೆ ಹೋಗಿ ‘ಮಹಾಗನಿ ಕೊಡಿ’ ಎನ್ನುವವರ ಪಾಡೂ ಇದೇ. ಆದರೆ ಕೆಟ್ಟ ಕಾಫಿ ಕುಡಿದವನು ಮರುದಿನ ಬೇರೆ ಹೋಟೆಲು ಹುಡುಕಿಕೊಳ್ಳುತ್ತಾನೆ. ಕೆಟ್ಟ ಹಲಗೆ ಬಡಿದ ದೋಣಿ ನೀರಿನ ನಡುವೆ ಬಾಯಿ ಬಿಡುತ್ತದೆ, ಬೈಗುಳವೆಲ್ಲ ಬಡಗಿಯ ಪಾಲಿಗೆ ಬರುತ್ತದೆ.

ಹಳೆಯ ಮೋಟಾರು ದೋಣಿಗಳ ದುರಸ್ತಿಯಲ್ಲಿ ದುಡಿಯುವ ಬಂಧುಗಳು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರಲ್ಲೊಬ್ಬರಿಗೆ ಈಚೆಗೆ ಎರಡು ವಾರದ ಮಜೂರಿ ಖೋತಾ ಆಯಿತು. ಅಗ್ಗದ ಮರವನ್ನು ತಂದವರು ಮಾಲಿಕರು, ಮಹಾಗನಿಯೆಂದು ಹೇಳಿದವರೂ ಅವರೇ. ಎರಡನೆಯ ಮಳೆಗಾಲಕ್ಕೆ ಹಲಗೆ ಕೊಳೆತಾಗ ಮಾತ್ರ ತಪ್ಪು ಕೂರಿಸಿದವನ ಕೈಯದಾಯಿತು! ಇದನ್ನು ನಾವು ಒಪ್ಪುವುದಿಲ್ಲ. ಮರವನ್ನು ಆರಿಸುವ ಅಧಿಕಾರ ಉಳಿ ಹಿಡಿದವನಿಗಿರಬೇಕು. ಇಲ್ಲವಾದರೆ ಆರಿಸಿದವರೇ ನಷ್ಟವನ್ನೂ ಹೊರಬೇಕು. ಆದರೆ ಹಾಗೆ ವಾದಿಸಲು ನಮ್ಮವರಿಗೂ ಮರದ ಕುಲಗೋತ್ರ ತಿಳಿದಿರಬೇಕಷ್ಟೆ.

ಮೂಲದ ಮಹಾಗನಿ ಅಮೆರಿಕ ಖಂಡದ್ದು. ಶಾಸ್ತ್ರಜ್ಞರು ಅದನ್ನು ಸ್ವಿಟೇನಿಯ ಎನ್ನುತ್ತಾರೆ. ಕ್ಯೂಬಾ, ಜಮೈಕಾ ಮೊದಲಾದ ದ್ವೀಪಗಳದು ಒಂದು ಜಾತಿ. ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಕಾಡಿನದು ದೊಡ್ಡೆಲೆಯ ಜಾತಿ, ವ್ಯಾಪಾರದಲ್ಲಿ ಅದಕ್ಕೆ ಹೊಂಡುರಾಸ್ ಎಂದು ಹೆಸರು. ಆಫ್ರಿಕದ ಖಾಯ ಮತ್ತು ಸೇಪೆಲಿ ಇವುಗಳ ದಾಯಾದಿಗಳು. ಬೇವೂ ಇದೇ ಕುಟುಂಬದ್ದೇ ಎಂದರೆ ಓದುಗರು ನಕ್ಕಾರು, ಆದರೆ ಮಾತು ನಿಜ. ‘ಫಿಲಿಪೈನ್ ಮಹಾಗನಿ’ಯಾದರೋ ಬರೀ ಹೆಸರಿನ ಮಹಾಗನಿ. ಅದು ಶೋರಿಯ ಗುಂಪಿನದು, ನಮ್ಮ ಸಾಲ ವೃಕ್ಷದ ಬಳಗ.

ಹಾಗೆಂದ ಮಾತ್ರಕ್ಕೆ ಅದನ್ನು ಕಳಪೆಯೆಂದು ತಳ್ಳಬಾರದು. ಅಮೆರಿಕದ ಹೆಸರಾಂತ ಕ್ರಿಸ್-ಕ್ರಾಫ್ಟ್ ದೋಣಿಗಳಲ್ಲಿ ಎಷ್ಟೋ ಈ ಫಿಲಿಪೈನ್ ಮರದಿಂದಲೇ ಆದವು. ಅಂಥ ದೋಣಿಯೊಂದು ದುರಸ್ತಿಗೆ ಬಂದಾಗ, ಮಾಲಿಕರು ಹೆಮ್ಮೆಗಾಗಿ ‘ಅಸಲು ಹೊಂಡುರಾಸ್ ಹಾಕಿ’ ಎಂದರೆ, ಮೊದಲು ಹಳೆಯ ಹಲಗೆಯ ಚೂರನ್ನು ಕೈಗೆ ತೆಗೆದುಕೊಂಡು ನೋಡಬೇಕು. ಒಂದೆರಡು ಹಲಗೆ ಮಾತ್ರ ಬದಲಿಸುವುದಿದ್ದರೆ ಹಳೆಯ ಮರಕ್ಕೆ ತೂಕದಲ್ಲಿ, ಎಳೆಯಲ್ಲಿ, ಬಣ್ಣದಲ್ಲಿ ಹೊಂದುವುದೇ ಸರಿಯಾದ ಮರ. ಮರವು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹಸಿಮರ ಪೂರ್ತಿ ಒಣಗುವಾಗ ದೊಡ್ಡೆಲೆಯ ಮಹಾಗನಿ ವರ್ಷದ ಉಂಗುರಗಳ ಗುಂಟ ನೂರಕ್ಕೆ ಸುಮಾರು 4ರಷ್ಟು ಕುಗ್ಗಿದರೆ, ಸೇಪೆಲಿ 7ಕ್ಕೂ ಮಿಕ್ಕಿ ಕುಗ್ಗುತ್ತದೆ. ಇವೆರಡನ್ನೂ ಒಂದೇ ಪಕ್ಕದಲ್ಲಿ ಬೆರೆಸಿ ಕೂರಿಸಿದರೆ ಸಂದುಗಳು ಒಂದೇ ಸಮನೆ ನಿಲ್ಲುವುದು ಹೇಗೆ? ಇನ್ನು ಮೈಹಲಗೆಯನ್ನೆಲ್ಲ ಹೊಸದಾಗಿ ಹಾಕುವುದಾದರೆ ಮಾತು ಬೇರೆ. ಆಗ ಎಲ್ಲ ಕಡೆಗೂ ಒಂದೇ ಜಾತಿಯ, ಚೆನ್ನಾಗಿ ಆರಿದ ಸೇಪೆಲಿಯನ್ನೋ ಖಾಯವನ್ನೋ ಹಾಕಿದರೆ ತಪ್ಪಿಲ್ಲ. ಖಾಯ ಹಗುರ, ಸೇಪೆಲಿ ಭಾರ. ಎರಡರ ಎಳೆಗಳೂ ಹೆಣೆದುಕೊಂಡಿರುವುದರಿಂದ ಕೀಸುಳಿ ಎಳೆದಾಗ ಸಿಬಿರೇಳುತ್ತದೆ. ಆ ಹೆಚ್ಚಿನ ಶ್ರಮವನ್ನು ಮಜೂರಿಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು.

ಮುಂಬಯಿಯಲ್ಲಿ ಮತ್ತೂ ಒಂದು ಎಚ್ಚರಿಕೆ ಅಗತ್ಯ. ಇದು ತೇಗದ ಹಡಗುಗಳ ಊರು. 1817ರಲ್ಲಿ ಇಲ್ಲಿನ ವಾಡಿಯಾ ಮನೆತನದವರು ತೇಗದಿಂದ ಕಟ್ಟಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಬಣ್ಣ ಬಳಿದ ಹಳೆಯ ದೋಣಿಯನ್ನು ಕಂಡೊಡನೆ ಮಹಾಗನಿಯೆಂದು ತೀರ್ಮಾನಿಸದೆ, ಬಣ್ಣವನ್ನು ಕೆರೆದು ನೋಡುವುದು ಮೇಲು.

ಗುರುತು ಹಿಡಿಯಲು ಬಣ್ಣವನ್ನು ನಂಬಬೇಡಿ. ಬಣ್ಣ ಬಳಿದರೆ ಯಾವ ಮರವೂ ಕೆಂಪಾದೀತು. ಹಲಗೆಯ ಅಡ್ಡ ಕೊಯ್ದ ತುದಿಯನ್ನು ಹರಿತ ಬ್ಲೇಡಿನಿಂದ ನಯವಾಗಿ ಹೆರೆದು, ಭೂತಗನ್ನಡಿ ಹಿಡಿಯಿರಿ. ಅಮೆರಿಕದ ಮಹಾಗನಿಯಲ್ಲಿ ಬೆಳವಣಿಗೆಯ ಹಂತ ತೋರುವ ತೆಳು ಬಿಳಿಗೆರೆಗಳು ಸಾಲಾಗಿ ಕಾಣುತ್ತವೆ. ಖಾಯದಲ್ಲಿ ಸಾಮಾನ್ಯವಾಗಿ ಆ ಗೆರೆ ಇರದು. ಫಿಲಿಪೈನ್ ಮರದಲ್ಲಿ ರಾಳ ಹರಿಯುವ ನಾಳಗಳು ಬಿಳಿಯ ಚುಕ್ಕೆಗಳ ಸಾಲಾಗಿ ತೋರುತ್ತವೆ. ಹಲಗೆಯ ಅಂಚಿನಲ್ಲಿ ಚೇಗಿನ ಹೊರಗಿನ ಬಿಳಿಭಾಗ ಉಳಿದಿದ್ದರೆ ಜಾತಿ ಎಷ್ಟೇ ಉತ್ತಮವಾದರೂ ಅದನ್ನು ತೆಗೆದುಹಾಕಬೇಕು. ಮೊದಲು ಕೊಳೆಯುವುದು ಅದೇ. ನಮ್ಮ ನಾಡಿನ ತೋಟಗಳಲ್ಲಿ ಬೆಳೆದ ಎಳೆಯ ಮಹಾಗನಿಯನ್ನು ಕೊಳ್ಳುವಾಗ ಈ ಬಿಳಿಭಾಗದ ಮೇಲೆಯೇ ಕಣ್ಣಿಡಬೇಕು.

ಪರದೇಶದ ಮರವಾದರೆ ಕಾಗದಪತ್ರ ಕೇಳಿರಿ. ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಮೇರೆಗೆ ಅಮೆರಿಕದ ಕಾಡಿನ ದೊಡ್ಡೆಲೆಯ ಮಹಾಗನಿಗೆ 2003ರಿಂದಲೂ, ಆಫ್ರಿಕದ ಖಾಯಕ್ಕೆ 2023ರಿಂದಲೂ ರಫ್ತಿನ ಪರವಾನಗಿ ಬೇಕಾಗಿದೆ. ಪರವಾನಗಿಯಿಲ್ಲದ ಮರ ಅಗ್ಗವಾಗಿ ಸಿಕ್ಕಿದರೆ ಅದರಲ್ಲಿ ಬಡಗಿಯ ಹೆಸರು ಸಿಕ್ಕಿಕೊಳ್ಳದಂತೆ ರಸೀದಿ ಮಾಲಿಕರ ಹೆಸರಿನಲ್ಲಿಯೇ ಇರಲಿ.

ಕಡೆಯದಾಗಿ ಹುಡಿಯ ಸಂಗತಿ. ಹಲಗೆಯನ್ನು ಮರಳುಕಾಗದದಿಂದ ಉಜ್ಜುವಾಗ ಏಳುವ ಈ ಜಾತಿಯ ಮರಗಳ ಹುಡಿ ಕಣ್ಣು, ಮೂಗು, ಚರ್ಮಗಳನ್ನು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 1995ರಲ್ಲಿಯೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಕರವಸ್ತ್ರ ಕಟ್ಟಿಕೊಂಡರೆ ಇದು ತಡೆಯುವುದಿಲ್ಲ. ಮೂಗಿಗೆ ಸರಿಯಾದ ಮುಸುಕು, ಹುಡಿ ಎಳೆಯುವ ಯಂತ್ರ, ಕೆಲಸ ಮುಗಿದ ಮೇಲೆ ಮೈ ತೊಳೆಯಲು ನೀರು, ಈ ಮೂರನ್ನೂ ಮರದ ಬೆಲೆಯೊಡನೆಯೇ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಬರೆಸಬೇಕು. ಬರೆಸಲು ಒಪ್ಪದ ಕಡೆ ಕೆಲಸ ಹಿಡಿಯುವ ಮುನ್ನ ನಮ್ಮ ಬಂಧುಗಳು ಸಂಘದ ಕಚೇರಿಗೆ ಬಂದು ತಿಳಿಸಲಿ. ಮಾಲಿಕರೊಡನೆ ಮಾತನಾಡಲು ನಾವು ಜೊತೆಗೆ ಬರುತ್ತೇವೆ. ಬರುವಾಗ ಹಲಗೆಯ ಒಂದು ಚೂರನ್ನೂ ತನ್ನಿ.